ನಮ್ಮ ಕೈಗೆ ಒಗ್ಗುವ ಕೆಲಸ ಯಾವುದು? ಒಂದು ಅಧ್ಯಯನ ಟಿಪ್ಪಣಿ

"ನಿನ್ನ ಸಾಮರ್ಥ್ಯ ಏನು?" ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮಾರ್ಕ್ಸ್ ಕಾರ್ಡ್ ತೋರಿಸುತ್ತೇವೆ, ಇಲ್ಲವೇ ಇಷ್ಟದ ವಿಷಯ ಹೇಳುತ್ತೇವೆ. ಹಾಗಾಗಿ ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ಇಷ್ಟ ಅಂದ್ರೆ ಮನಸ್ಸು ಎಳೆಯುವುದು. ಕೌಶಲ ಅಂದ್ರೆ ಕಲಿತು ಬಂದದ್ದು: ಟ್ಯಾಲಿ, ಡ್ರೈವಿಂಗ್, ಕಸಿ ಕಟ್ಟುವುದು. ಸಾಮರ್ಥ್ಯ ಅಂದ್ರೆ ಬೇರೆಯವರು ಒದ್ದಾಡುವ ಕಡೆ ನಿಮಗೆ ಸಲೀಸಾಗುವುದು. ಸಲೀಸಾಗುವುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನನ್ನದೇ ಉದಾಹರಣೆ ಕೊಡ್ತೇನೆ. ಜನವರಿಯಲ್ಲಿ ಕೊಡಗಿನ ಸಿದ್ದಾಪುರದ ಹತ್ತಿರ ಮಾವನ ತೋಟದಲ್ಲಿ ರೋಬಸ್ಟಾ ಕಾಫಿ ಕೊಯ್ಲು. ಸಂಜೆ ಕಣದ ಪಕ್ಕ ಒಬ್ಬೊಬ್ಬರು ಕೊಯ್ದ ಹಣ್ಣಿನ ತೂಕ. ತೋಟದ ಲೆಕ್ಕ ಬರೆಯುವ ರೈಟರ್ ರಜೆ ಹಾಕಿದ್ದರಿಂದ ಪುಸ್ತಕ ನನ್ನ ಕೈಗೆ ಬಂತು. "ನಿನ್ನೆಯದು ಕಮ್ಮಿ ಬಂದಿದೆ" ಅಂತ ವಯಸ್ಸಾದ ಒಬ್ಬ ಅಮ್ಮ ಹೇಳಿದರು. ಪುಟ ತಿರುವಿದೆ. ಮೂರು ಚೀಲ ಬರೆದಿತ್ತು, ಕೂಡಿಸಿದ್ದು ಎರಡೇ. 38 ಕೆಜಿ ಬಿಟ್ಟುಹೋಗಿತ್ತು. ಅವರ ಪಕ್ಕ ಕೂತು, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಚೀಲ ತೋರಿಸಿದೆ. "ಈಗ ಗೊತ್ತಾಯ್ತು ಮಗಾ" ಅಂದರು.

ರಾತ್ರಿ ಬರೆದುಕೊಂಡೆ: ಲೆಕ್ಕದ ತಪ್ಪು ಹಿಡಿಯುವುದು ಒಂದು, ಅದನ್ನು ತಿಳಿಯುವ ಹಾಗೆ ಹೇಳುವುದು ಇನ್ನೊಂದು. ಜಾಸ್ತಿ ಖುಷಿ ಕೊಟ್ಟದ್ದು ಎರಡನೆಯದು. "ಲೆಕ್ಕ ಚೆನ್ನಾಗಿದೆ, ಸಿಎ ಮಾಡು" ಅನ್ನುತ್ತಿದ್ದವರು ಮೊದಲನೆಯದನ್ನು ಮಾತ್ರ ನೋಡಿದ್ದರು.

ಇನ್ನು ಸಿದ್ಧಾಂತ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಅಮೆರಿಕದ ಬಾಸ್ಟನ್‌ನಲ್ಲಿ ಯುವಕರಿಗೆ ಕೆಲಸ ಆರಿಸಿಕೊಳ್ಳಲು ನೆರವಾಗುವ ಕಚೇರಿ ತೆರೆದರು. ಅವರ ದಾರಿಗೆ ಮೂರು ಹೆಜ್ಜೆ: ನಮ್ಮನ್ನು ತಿಳಿಯುವುದು, ಕೆಲಸವನ್ನು ತಿಳಿಯುವುದು, ಎರಡನ್ನೂ ತಾಳೆ ನೋಡುವುದು. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಜನರನ್ನೂ ಕೆಲಸಗಳನ್ನೂ ಆರು ಬಗೆಯಾಗಿ ವಿಂಗಡಿಸಿದರು: ಕೈಕೆಲಸ, ಶೋಧನೆ, ಕಲೆ, ಜನಸೇವೆ, ಮುಂದಾಳ್ತನ, ಲೆಕ್ಕ-ಕಡತದ ಅಚ್ಚುಕಟ್ಟು. ಯಾರೂ ಪೂರ್ತಿ ಒಂದೇ ಬಗೆ ಇರುವುದಿಲ್ಲ. ನಿಮ್ಮಲ್ಲಿ ಎದ್ದು ಕಾಣುವ ಮೂರನ್ನು ಜೋಡಿಸಿ ನೋಡಿ.

ನಾವು ಎಡವುವುದು ಪಾರ್ಸನ್ಸ್ ಹೇಳಿದ ಎರಡನೇ ಹೆಜ್ಜೆಯಲ್ಲಿ. ಕೆಲಸದ ಹೆಸರು ಗೊತ್ತು, ಅದರ ದಿನಚರಿ ಗೊತ್ತಿಲ್ಲ. ಮೂಗು, ನಾಲಿಗೆ ತುಂಬಾ ಚುರುಕಾದ ಗೆಳತಿಯೊಬ್ಬಳಿದ್ದಾಳೆ. ತೋಟದ ಮನೆಯಲ್ಲೇ ಬೆಳೆದರೂ ಕಾಫಿ ರುಚಿ ನೋಡುವುದು ಒಂದು ವೃತ್ತಿ ಅಂತ ಅವಳಿಗೆ ಗೊತ್ತಿರಲಿಲ್ಲ. ಚಮಚದಿಂದ ಸೊರ್ರನೆ ಹೀರಿ, ಪರಿಮಳ, ಹುಳಿ, ಗಟ್ಟಿತನ ಗುರುತಿಸಿ ಅಂಕ ಹಾಕುವ ಕೆಲಸ ಅದು. ಕಾಫಿ ಗುಣಮಟ್ಟದ ಬಗ್ಗೆ ಕಾಫಿ ಬೋರ್ಡ್ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅವಳೀಗ ಬಿಎಸ್ಸಿ ಕೊನೆಯ ವರ್ಷ. ಕಾಡು-ಮರ ಅಂದ್ರೆ ಜೀವ ಅನ್ನುವವರಿಗೆ ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ. ಸೈನ್ಯಕ್ಕೆ ಸೇರಲು ಸೈನ್ಸ್ ಬೇಕೇ ಬೇಕು ಅಂತ ಆಸೆ ಬಿಟ್ಟವರೂ ಇದ್ದಾರೆ. ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಭೂಸೇನಾ ವಿಭಾಗಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಅರ್ಜಿ ಹಾಕಬಹುದು.

ಕೆಲಸದಲ್ಲಿ ಇರುವವರನ್ನು "ಕೆಲಸ ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ" ಅಂತಾರೆ ಅಷ್ಟೆ. "ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ?" ಅಂತ ಕೇಳಿ. ನಾನು ಪರಿಚಯದ ಗಣಿತ ಮೇಷ್ಟ್ರನ್ನು ಹಾಗೇ ಕೇಳಿದೆ. ನಾಲ್ಕು ಪೀರಿಯಡ್ ಪಾಠ, ಆಮೇಲೆ ಹಾಜರಿ, ಪೋಷಕರಿಗೆ ಫೋನ್, ರಾಶಿ ಪೇಪರ್ ತಿದ್ದುವುದು. ಹೇಳುತ್ತಾ ಒಂದು ಉತ್ತರ ಪತ್ರಿಕೆ ಮುಂದಿಟ್ಟರು. ಹುಡುಗ ಎಲ್ಲಿ ಎಡವಿದ್ದಾನೆ ಅಂತ ಹುಡುಕುತ್ತಾ ಅಲ್ಲೇ ಅರ್ಧ ಗಂಟೆ ಕೂತುಬಿಟ್ಟೆ. ಏಳುವ ಮುಂಚೆ, ಬಿಎಡ್ ಅರ್ಜಿ ಯಾವಾಗ ಕರೀತಾರೆ ಸಾರ್ ಅಂತ ಕೇಳಿದೆ.