ವಿಂಡೋಸ್ 11ಕ್ಕೆ ಹೋದಮೇಲೆ ಶೇರ್ ಫೋಲ್ಡರ್ ಯಾಕೆ ತೆರೆಯುವುದಿಲ್ಲ

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೊಡಗಿನಲ್ಲಿ ಅದು ಅರೇಬಿಕಾ ಕೊಯ್ಲಿಗೆ ಸ್ವಲ್ಪ ಮುಂಚಿನ ಸಮಯ. ಕೂಲಿ ಲೆಕ್ಕ, ತೂಕದ ಲೆಕ್ಕ ಎಲ್ಲ ಜಾಸ್ತಿ ಆಗುವ ಹೊತ್ತಿಗೇ ಫೋಲ್ಡರ್ ತೆರೆಯದಿದ್ದರೆ ಕಷ್ಟ ಅಲ್ವಾ? ಅದಕ್ಕೇ ಓದಿದ್ದೆಲ್ಲ ತಲೆಯಲ್ಲಿ ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಸಿದ್ದಾಪುರದ ಕಡೆಯ ಒಂದು ಎಸ್ಟೇಟ್ ಇಟ್ಟುಕೊಳ್ಳೋಣ. ಆಫೀಸಿನಲ್ಲಿ ರೈಟರ್ (ಎಸ್ಟೇಟಿನ ಲೆಕ್ಕ ಬರೆಯುವವರು) ಬಳಸುವ ಡೆಸ್ಕ್‌ಟಾಪ್ ಇದೆ, ಅದರ ಹೆಸರು 'ಆಫೀಸ್'. ಅದರಲ್ಲಿ 'ಲೆಕ್ಕ' ಅಂತ ಒಂದು ಫೋಲ್ಡರ್. ಬಂಗಲೆಯಲ್ಲಿ ಒಂದು ಲ್ಯಾಪ್‌ಟಾಪ್. ಎರಡಕ್ಕೂ ಒಂದೇ ರೂಟರ್. ಮೊದಲೆಲ್ಲ ಲ್ಯಾಪ್‌ಟಾಪಿನಿಂದ ಪಾಸ್‌ವರ್ಡ್ ಕೇಳದೇ ಫೋಲ್ಡರ್ ತೆರೆಯುತ್ತಿತ್ತು. ಈಗ ಎರಡರಲ್ಲೂ ವಿಂಡೋಸ್ 11 ಪ್ರೊ, ಆವೃತ್ತಿ 24ಎಚ್2. ಈಗ ತೆರೆಯುವುದಿಲ್ಲ.

ಕಾಣುತ್ತಿಲ್ಲವಾ, ಒಳಗೆ ಬಿಡುತ್ತಿಲ್ಲವಾ?

ಇವೆರಡೂ ಬೇರೆ ಬೇರೆ ತೊಂದರೆ. ಮೊದಲು ಇದನ್ನು ಬೇರ್ಪಡಿಸಿಕೊಳ್ಳದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಎಕ್ಸ್‌ಪ್ಲೋರರ್‌ನ 'ನೆಟ್‌ವರ್ಕ್' ಜಾಗದಲ್ಲಿ ಕಂಪ್ಯೂಟರ್ ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಶೇರಿಂಗ್ ಕೆಟ್ಟಿದೆ ಎಂದಲ್ಲ. ಆ ಪಟ್ಟಿ ತುಂಬುವ ಕೆಲಸ ಬೇರೆ ಸರ್ವಿಸ್‌ಗಳದ್ದು. ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಕಂಪ್ಯೂಟರ್ ಹೆಸರು ಟೈಪ್ ಮಾಡಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳಿದರೆ ದಾರಿ ಸರಿ ಇದೆ ಎಂದೇ ಅರ್ಥ.

ಏನೂ ಕೇಳದೆ 80070035 ಎಂದು ಮುಗಿಯುವ ಕೋಡ್ ಬಂದರೆ ಸ್ವಲ್ಪ ನಿಲ್ಲಿ. ಅದರ ಜೊತೆ ಬರುವ ಮಾತು 'ನೆಟ್‌ವರ್ಕ್ ದಾರಿ ಸಿಗಲಿಲ್ಲ' ಎನ್ನುತ್ತದೆ. ಆದರೆ ದಾರಿ ಸರಿ ಇದ್ದು, ಗೆಸ್ಟ್ ಲಾಗಿನ್ (ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವುದು) ತಡೆದಾಗಲೂ ಇದೇ ಕೋಡ್ ಬರಬಹುದು. ಹಾಗಾಗಿ ಕೋಡ್ ನೋಡಿ ತೀರ್ಮಾನಕ್ಕೆ ಬರಬೇಡಿ, ಪೋರ್ಟ್ ನೋಡಿ. ಪೋರ್ಟ್ ಎಂದರೆ ಕಂಪ್ಯೂಟರಿಗೆ ನೆಟ್‌ವರ್ಕಿನಿಂದ ಬರುವ ಬಾಗಿಲು, ಫೈಲ್ ಶೇರಿಂಗಿನ ಬಾಗಿಲಿನ ನಂಬರ್ 445. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ) 'ಟೆಸ್ಟ್-ನೆಟ್‌ಕನೆಕ್ಷನ್' ಕಮಾಂಡಿಗೆ ಆ ಕಂಪ್ಯೂಟರ್ ಹೆಸರು ಮತ್ತು ಪೋರ್ಟ್ 445 ಕೊಟ್ಟರೆ ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಸುಮ್ನೆ ಪಿಂಗ್ ಮಾಡಿ (ಆ ಕಂಪ್ಯೂಟರ್ ಉತ್ತರ ಕೊಡುತ್ತದಾ ಎಂದು ಮಾತ್ರ ನೋಡಿ) ನಂಬಬೇಡಿ. ಪಿಂಗ್ ಹೋಗದಿದ್ದರೂ 445 ತೆರೆದಿರಬಹುದು, ಪಿಂಗ್ ಹೋದರೂ 445 ಮುಚ್ಚಿರಬಹುದು.

ಫಾಲ್ಸ್ ಬಂದರೆ ಕೆಲಸ ಸುಲಭ. ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಆಗಿದ್ದರೆ 'ಪ್ರೈವೇಟ್' ಮಾಡಿ, ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ಶೇರಿಂಗ್ ಆನ್ ಮಾಡಿ. ಹೋಂಸ್ಟೇ ಇರುವವರು ಒಂದು ವಿಷಯ ಗಮನಿಸಿ: ಅತಿಥಿಗಳಿಗೆ ಕೊಡುವ ಗೆಸ್ಟ್ ವೈಫೈಗೆ ನಿಮ್ಮ ಲ್ಯಾಪ್‌ಟಾಪ್ ಸೇರಿಕೊಂಡಿದ್ದರೆ ಸಾಮಾನ್ಯವಾಗಿ ರೂಟರೇ ಅದನ್ನು ಬೇರೆ ಕಂಪ್ಯೂಟರ್‌ಗಳ ಹತ್ತಿರ ಬಿಡುವುದಿಲ್ಲ.

ಟ್ರೂ ಬಂದರೂ ಒಳಗೆ ಬಿಡದಿದ್ದರೆ

ಇಲ್ಲಿ ನಿಧಾನವಾಗಿ ಓದಿ. ಬಹಳ ಜನ ಹೇಳಿಕೊಡುವ ಹಳೆಯ ಉಪಾಯ ಎಂದರೆ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡುವುದು. ಆಫ್ ಮಾಡಿದರೆ ಗುರುತು ಸಿಗದವರನ್ನೂ ಡೆಸ್ಕ್‌ಟಾಪ್ 'ಗೆಸ್ಟ್' ಎಂದು ಒಳಗೆ ಬಿಡುತ್ತದೆ. ಎಷ್ಟೋ ವರ್ಷ ಇದು ನಡೆಯಿತು. 24ಎಚ್2 ಪ್ರೊದಲ್ಲಿ ನಡೆಯುವುದಿಲ್ಲ. ಡೆಸ್ಕ್‌ಟಾಪ್ ಒಳಗೆ ಬಾ ಎಂದರೂ ಲ್ಯಾಪ್‌ಟಾಪೇ ಗೆಸ್ಟ್ ಆಗಿ ಹೋಗಲು ಒಪ್ಪುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಎಷ್ಟು ಸೆಟ್ಟಿಂಗ್ ಬದಲಿಸಿದರೂ ಫಲ ಸಿಗದಿರುವುದು ಇದಕ್ಕೇ. ತಡೆ ಇರುವುದು ಕೇಳುವ ಕಡೆ, ಕೊಡುವ ಕಡೆ ಅಲ್ಲ.

ಯಾಕೆ ಒಪ್ಪುವುದಿಲ್ಲ? ಕಾರಣ ಸೈನಿಂಗ್. ಕಂಪ್ಯೂಟರ್‌ಗಳು ಫೈಲ್ ಕೊಟ್ಟು ತೆಗೆದುಕೊಳ್ಳುವ ಪದ್ಧತಿಗೆ ಎಸ್‌ಎಂಬಿ ಎಂದು ಹೆಸರು. 24ಎಚ್2ರ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಸಹಿ ಬೇಕೇ ಬೇಕು ಎಂಬುದು ಡಿಫಾಲ್ಟ್. ತೂಕದ ಚೀಟಿಯಲ್ಲಿ ರೈಟರ್ ಸಹಿ ಇದ್ದರೆ ನಡುವೆ ಯಾರೂ ಕಿಲೋ ತಿದ್ದಿಲ್ಲ ಎಂದು ನಂಬುತ್ತೇವಲ್ಲ, ಅದೇ ಕೆಲಸ. ಈಗ ಮುಖ್ಯ ಮಾತು: ಆ ಸಹಿ ಹಾಕಲು ಒಂದು ಕೀ ಬೇಕು. ಆ ಕೀ ಎಲ್ಲಿಂದ ಬರುತ್ತದೆ? ಲಾಗಿನ್ ಆಗುವಾಗ, ನಿಮ್ಮ ಪಾಸ್‌ವರ್ಡಿನ ಆಧಾರದ ಮೇಲೆ, ಎರಡೂ ಕಂಪ್ಯೂಟರ್ ತಮ್ಮಲ್ಲೇ ಲೆಕ್ಕ ಹಾಕಿಕೊಳ್ಳುತ್ತವೆ. ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದಿಲ್ಲ, ಕೀಯೂ ಹೋಗುವುದಿಲ್ಲ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ. ಪಾಸ್‌ವರ್ಡ್ ಇಲ್ಲದೆ ಕೀ ಇಲ್ಲ, ಕೀ ಇಲ್ಲದೆ ಸಹಿ ಇಲ್ಲ, ಸಹಿ ಇಲ್ಲದೆ ಫೋಲ್ಡರ್ ಇಲ್ಲ. ಈ ಸರಪಳಿ ಒಮ್ಮೆ ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಕೆಲವೊಮ್ಮೆ ಬರುವ 'ನಿಮ್ಮ ಸಂಸ್ಥೆಯ ಸೆಕ್ಯುರಿಟಿ ಪಾಲಿಸಿ' ಎಂಬ ಮೆಸೇಜಿಗೆ ಮನೆಯಲ್ಲಿ ಕೂತವರು ಗಾಬರಿ ಆಗಬೇಕಿಲ್ಲ. ಯಾವ ಸಂಸ್ಥೆಯೂ ಇಲ್ಲ, ಅದು ಡಿಫಾಲ್ಟ್ ಅಷ್ಟೇ.

ವಿಂಡೋಸ್‌ನ ನಿಯಮ ಬದಲಿಸುವ ಗ್ರೂಪ್ ಪಾಲಿಸಿಯಲ್ಲಿ ಗೆಸ್ಟ್ ಲಾಗಿನ್ ಮತ್ತೆ ಆನ್ ಮಾಡಬಹುದು. ಆದರೆ ಅದೊಂದೇ ಸಾಲದು, ಸಹಿ ಕಡ್ಡಾಯ ಎಂಬುದನ್ನೂ ತೆಗೆಯಬೇಕು. ನನ್ನ ಪ್ರಕಾರ ಬೇಡವೇ ಬೇಡ. ಹತ್ತು ಜನರ ಕೂಲಿ ಲೆಕ್ಕ ಇರುವ ಫೋಲ್ಡರ್ ಅದು, ಬಾಗಿಲು ತೆಗೆದಿಡುವುದು ಸರಿಯಲ್ಲ. ಹಳೆಯ ಎಸ್‌ಎಂಬಿ 1 ಹಾಕಿಕೊಳ್ಳಿ ಎಂಬ ಸಲಹೆಗೂ ಇದೇ ಉತ್ತರ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಅದರ ದೋಷದ ಮೂಲಕವೇ.

ಸರಿಯಾದ ದಾರಿ

ಡೆಸ್ಕ್‌ಟಾಪಿನಲ್ಲಿ ಒಂದು ಲೋಕಲ್ ಅಕೌಂಟ್ ಮಾಡಿ. 'ಬಂಗಲೆ' ಅಂತಲೇ ಹೆಸರಿಡಿ, ಒಳ್ಳೆಯ ಪಾಸ್‌ವರ್ಡ್ ಕೊಡಿ. ಖಾಲಿ ಪಾಸ್‌ವರ್ಡ್ ಇರುವ ಅಕೌಂಟಿನಿಂದ ನೆಟ್‌ವರ್ಕ್ ಮೂಲಕ ಬರಲು ವಿಂಡೋಸ್ ಬಿಡುವುದಿಲ್ಲ. ಆಮೇಲೆ 'ಲೆಕ್ಕ' ಫೋಲ್ಡರನ್ನು ಆ ಅಕೌಂಟಿಗೆ ಶೇರ್ ಮಾಡಿ. ಅನುಮತಿ ಎರಡು ಕಡೆ ಇರುತ್ತದೆ, ಶೇರಿಂಗ್ ಟ್ಯಾಬಿನಲ್ಲಿ ಒಂದು, ಸೆಕ್ಯುರಿಟಿ ಟ್ಯಾಬಿನಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂದರೆ ಇಲ್ಲೇ ನೋಡಿ.

ಲ್ಯಾಪ್‌ಟಾಪಿನಲ್ಲಿ ಯೂಸರ್ ನೇಮ್ ಕೇಳಿದಾಗ ಬರೀ 'ಬಂಗಲೆ' ಸಾಲದೇ ಹೋಗಬಹುದು. ಡೆಸ್ಕ್‌ಟಾಪಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್, ಆಮೇಲೆ 'ಬಂಗಲೆ' ಎಂದು ಹಾಕಿ. ಡೆಸ್ಕ್‌ಟಾಪ್ ತೆರೆಯಲು ರೈಟರ್ ಒತ್ತುವ ನಾಲ್ಕಂಕಿ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿಗೆ ಪೂರ್ತಿ ಪಾಸ್‌ವರ್ಡೇ ಬೇಕು.

ಪಾಸ್‌ವರ್ಡ್ ಸರಿ ಇದ್ದೂ ಬಿಡದಿದ್ದರೆ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್‌ಗಳನ್ನು ನೆನಪಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು 'ಆಫೀಸ್' ಹೆಸರಿನ ಹಳೆಯ ಎಂಟ್ರಿ ಅಳಿಸಿ. ಎರರ್ 1219 ಬಂದರೆ, ಅದೇ ಕಂಪ್ಯೂಟರಿಗೆ ಇನ್ನೊಂದು ಹೆಸರಿನಲ್ಲಿ ಆಗಲೇ ಕನೆಕ್ಷನ್ ಇದೆ ಎಂದು ತಿಳಿಯಿರಿ. ಲಾಗ್ ಔಟ್ ಮಾಡಿ ಮತ್ತೆ ಬಂದರೆ ಸಾಕು.

ಮಳೆಗಾಲಕ್ಕೆ

ಡ್ರೈವ್ ಮ್ಯಾಪ್ ಮಾಡುವಾಗ (ಶೇರ್ ಫೋಲ್ಡರನ್ನು ಲ್ಯಾಪ್‌ಟಾಪಿನಲ್ಲಿ ಒಂದು ಡ್ರೈವ್‌ನಂತೆ ಇಟ್ಟುಕೊಳ್ಳುವಾಗ) ಐಪಿ ಅಡ್ರೆಸ್ (ರೂಟರ್ ಕೊಡುವ ಅಂಕಿಗಳ ವಿಳಾಸ) ಹಾಕಬೇಡಿ, ಕಂಪ್ಯೂಟರ್ ಹೆಸರು ಹಾಕಿ. ಜೂನ್‌ನಿಂದ ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಪ್ರತಿ ಸಲ ರೂಟರ್ ಹೊಸದಾಗಿ ಎದ್ದಾಗ ಡೆಸ್ಕ್‌ಟಾಪಿಗೆ ಬೇರೆ ಐಪಿ ಕೊಡಬಹುದು, ಆಗ ಮ್ಯಾಪ್ ಮಾಡಿದ ಡ್ರೈವ್ ಹಳೆಯ ವಿಳಾಸಕ್ಕೇ ಹೋಗಿ ನಿಲ್ಲುತ್ತದೆ. ಐಪಿಯೇ ಬೇಕು ಎಂದಿದ್ದರೆ ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಡೆಸ್ಕ್‌ಟಾಪಿಗೆ ಒಂದು ಅಡ್ರೆಸ್ ಕಾದಿರಿಸಿ. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗದಂತೆಯೂ ಮಾಡಿ, ಮಲಗಿರುವ ಕಂಪ್ಯೂಟರ್‌ನಿಂದ ಫೋಲ್ಡರ್ ಸಿಗುವುದಿಲ್ಲ.