ಅರ್ಥಿಂಗ್ ಇದ್ದರೂ ಅಡಿಕೆ ಯಂತ್ರ ಜುಮ್ ಎನ್ನುವುದು ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಯಂತ್ರದ ಮೈ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಅರ್ಥಿಂಗ್ ಹಾಕಿಸಿದ್ದೇವೆ, ಎಂಸಿಬಿಯೂ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿಲ್ಲ. ಹೆದರುವಂಥದ್ದೇನೂ ಇಲ್ಲ ಅಲ್ವಾ?

ಉತ್ತರ: ಹೆದರಬೇಕು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಂದೆ ಓದಿ.

ಮೋಟಾರಿನ ಒಳಗೆ ಇನ್ಸುಲೇಷನ್ ಹಾಳಾಗಿ ಕರೆಂಟು ತರುವ ಫೇಸ್ ವೈರು ಯಂತ್ರದ ಮೈಗೆ ತಾಗಿತು ಎನ್ನಿ. ಆ ಕರೆಂಟು ನಿಮ್ಮ ಅರ್ಥಿಂಗ್ ಗುಂಡಿಗೆ ಇಳಿದು, ಮಣ್ಣಿನಲ್ಲಿ ಹಾದು, ಟ್ರಾನ್ಸ್‌ಫಾರ್ಮರಿನ ಗುಂಡಿಯಿಂದ ಮೇಲೇರಬೇಕು. ಕರೆಂಟಿಗೆ ಒಡ್ಡುವ ತಡೆ ನಿಮ್ಮ ಗುಂಡಿಯಲ್ಲಿ 20 ಓಮ್, ಟ್ರಾನ್ಸ್‌ಫಾರ್ಮರಿನದರಲ್ಲಿ 3 ಓಮ್ ಇದ್ದರೆ ಒಟ್ಟು 23. 230 ವೋಲ್ಟಿಗೆ ಹರಿಯುವುದು 10 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ಅಷ್ಟೂ ಹೊತ್ತು ಯಂತ್ರದ ಮೈಯಲ್ಲಿ 200 ವೋಲ್ಟ್ ಇರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತವರು ಅದನ್ನು ಮುಟ್ಟಿದರೆ ಜೀವ ಹೋಗಬಹುದು.

ನಮ್ಮ ಚಿರೇಕಲ್ಲು ನೆಲದಲ್ಲಿ 20 ಓಮ್ ದೊಡ್ಡ ಮಾತಲ್ಲ. ಮಳೆಗಾಲದ ನೀರು ಬೇಗ ಬಸಿದು ಹೋಗುತ್ತದೆ, ಗುಂಡಿಗೆ ಹಾಕಿದ ಉಪ್ಪನ್ನೂ ಕರಗಿಸಿ ಒಯ್ಯುತ್ತದೆ. ಚಾಲಿ ಸುಲಿಯುವುದೋ ಬೇಸಿಗೆಯಲ್ಲಿ, ನೆಲ ಕಾದು ಒಣಗಿದಾಗ. ಆದ್ದರಿಂದ ಅರ್ಥ್ ಟೆಸ್ಟರಿನಲ್ಲಿ ಅಳೆಸುವುದಾದರೆ ಏಪ್ರಿಲ್, ಮೇ ತಿಂಗಳಲ್ಲೇ ಅಳೆಸಿ. ಜುಲೈನಲ್ಲಿ ಬಂದ ಅಂಕಿ ನೋಡಿ ಸಮಾಧಾನ ಪಡಬೇಡಿ.

ಹಾಗಂತ ಗುಂಡಿಯೊಂದನ್ನೇ ನಂಬಿ ಕೂರಬಾರದು. ಕರೆಂಟು ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಹೋದ ಕರೆಂಟು ಅಷ್ಟೇ ವಾಪಸ್ ಬಂತಾ ಎಂದು ಅದು ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನದ್ದಾದರೆ ಅಷ್ಟು ಸೋರುವ ಹೊತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಗುಂಡಿ ಸ್ವಲ್ಪ ಸೋತಿದ್ದರೂ ಇದು ಕೈ ಬಿಡುವುದಿಲ್ಲ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ಅರ್ಥ್ ವೈರು ಯಂತ್ರಕ್ಕೆ ಸೇರುವ ಬೋಲ್ಟನ್ನೂ ನೋಡಿ. ಎಷ್ಟೋ ಕಡೆ ಪೇಂಟಿನ ಮೇಲೇ ಬಿಗಿದಿರುತ್ತಾರೆ, ಅದು ಸುಮ್ನೆ ತೋರಿಕೆಗೆ. ಪೇಂಟು ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ ಬಿಗಿಯಬೇಕು. ತ್ರೀ ಫೇಸ್ ಮೋಟಾರಾದರೆ ಎರಡು ಬೇರೆ ಬೇರೆ ಅರ್ಥ್ ವೈರು ಇರಬೇಕು, ನಿಯಮವೇ ಹಾಗಿದೆ. ಕಾರವಾರ, ಅಂಕೋಲಾ ಕಡೆಯ ಐಸ್ ಪ್ಲಾಂಟಿನವರು ಈ ಜೋಡಣೆಗಳನ್ನು ಇನ್ನೂ ಜಾಸ್ತಿ ಗಮನಿಸಬೇಕು. ಉಪ್ಪು ಗಾಳಿಗೆ ಕ್ಲಾಂಪು ಬೇಗ ತುಕ್ಕು ತಿನ್ನುತ್ತದೆ.

ಅರ್ಥಿಂಗ್ ಸರಿಯಿಲ್ಲ ಎಂದು ಯಾರಾದರೂ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ತಂದು ಯಂತ್ರದ ಮೈಗೆ ಕಟ್ಟಲು ಬಂದರೆ ದಯವಿಟ್ಟು ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಯಂತ್ರವೇ ಲೈವ್ ಆಗುತ್ತದೆ.