ಹದಿನೈದು ವೋಲ್ಟಿನ ಲೆಕ್ಕ

ಜೋ ಕ್ಯಾರಲ್ ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ಭಯಾನಕ ಕಥೆಗಳನ್ನು ಬರೆದ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಅಂದರೆ ಪ್ರಾಣ. ಆ ಹುಚ್ಚು ತಲೆಗೇರಿ 14 ವಿದ್ಯಾರ್ಥಿನಿಯರನ್ನು ಕೊಂದು ಜೈಲು ಸೇರಿದ್ದಾನೆ. ಒಳಗೆ ಕೂತೇ ಶಿಷ್ಯರ ದಂಡು ಕಟ್ಟಿದ್ದಾನೆ. ಅವನು ಕಣ್ಸನ್ನೆ ಮಾಡಿದರೆ ಸಾಕು, ಹೊರಗೆ ಯಾರೋ ಕೊಲ್ಲುತ್ತಾರೆ, ಇನ್ಯಾರೋ ಸಾಯುತ್ತಾರೆ. 2013ರ ಜನವರಿಯಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಶುರುವಾಗಿ ಮೂರು ಸೀಸನ್ ಓಡಿದ ‘ದ ಫಾಲೋಯಿಂಗ್’ ಕಥೆ ಇದು. ಕ್ಯಾರಲ್ ಆಗಿ ಜೇಮ್ಸ್ ಪ್ಯೂರ್‌ಫಾಯ್, ಅವನ ಬೆನ್ನು ಹತ್ತುವ ಮಾಜಿ ಎಫ್‌ಬಿಐ ಏಜೆಂಟ್ ಆಗಿ ಕೆವಿನ್ ಬೇಕನ್.

ನೋಡುತ್ತಾ ಕೂತವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಒಬ್ಬ ಹೇಳಿದ ಅಂತ ಇಷ್ಟು ಜನ ಚಾಕು ಹಿಡಿಯುತ್ತಾರಾ? ಧಾರಾವಾಹಿ ಕೊಡುವ ಉತ್ತರ ನಮ್ಮ ಹಳ್ಳಿಕಟ್ಟೆಯ ಉತ್ತರವೇ: ಮಂಕುಬೂದಿ. ಮೇಷ್ಟ್ರಿಗೆ ಒಳ್ಳೆ ಕಂಠ, ಚೆಂದದ ಮಾತು, ನೋಟದಲ್ಲೇ ಮೋಡಿ. ಮನಶ್ಶಾಸ್ತ್ರದವರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಒಂದು ಪೆಟ್ಟಿಗೆ ಮಾಡಿಸಿದರು. ಮುಂದೆ ಸಾಲಾಗಿ 30 ಸ್ವಿಚ್‌ಗಳು. ಮೊದಲನೆಯದು 15 ವೋಲ್ಟ್, ಆಮೇಲೆ ಹದಿನೈದು ಹದಿನೈದೇ ಜಾಸ್ತಿ, ಕೊನೆಯದು 450. ಕೆಳಗೆ ಚೀಟಿಗಳು: ‘ಸಣ್ಣ ಶಾಕ್’ ಅಂತ ಶುರುವಾಗಿ ‘ಅಪಾಯ’ದವರೆಗೆ. ಕೊನೆಯ ಎರಡು ಸ್ವಿಚ್‌ಗಳಿಗೆ ಹೆಸರೂ ಇಲ್ಲ, ಬರೀ ಮೂರು ಎಕ್ಸ್ ಗುರುತು. ನೆನಪಿನ ಶಕ್ತಿಯ ಪ್ರಯೋಗ, ಬಂದವರಿಗೆ ನಾಲ್ಕೂವರೆ ಡಾಲರ್ ಅಂತ ಪೇಪರ್‌ನಲ್ಲಿ ಜಾಹೀರಾತು ಹಾಕಿ ಜನರನ್ನು ಕರೆದರು. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿದ ಒಬ್ಬ ಸಂಭಾವಿತ ಮನುಷ್ಯ. ಅವನು ತಪ್ಪು ಉತ್ತರ ಹೇಳಿದಾಗಲೆಲ್ಲ ಬಂದವರು ಮುಂದಿನ ಸ್ವಿಚ್ ಒತ್ತಬೇಕು. ಶಾಕ್ ಸುಳ್ಳು, ಅವನದು ನಾಟಕ. ಒತ್ತುವವರಿಗೆ ಮಾತ್ರ ಅದು ಗೊತ್ತಿಲ್ಲ.

300 ವೋಲ್ಟಿಗೆ ಆತ ಗೋಡೆ ಗುದ್ದುತ್ತಾನೆ. ಅಲ್ಲಿವರೆಗೆ ಒಬ್ಬರೂ ನಿಲ್ಲಿಸಿರಲಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್‌ವರೆಗೂ ಹೋದರು. ಬೆವರುತ್ತಾ, ತೊದಲುತ್ತಾ, ಕೆಲವರು ಕಾರಣವಿಲ್ಲದೆ ನಗುತ್ತಾ ಒತ್ತಿದರು.

ಇಲ್ಲಿ ಮೋಡಿ ಹಾಕುವ ಮೇಷ್ಟ್ರು ಇರಲಿಲ್ಲ. ಪಕ್ಕದಲ್ಲಿ ನಿಂತು ಪ್ರಯೋಗ ನಡೆಸುವ, ಬೂದು ಕೋಟಿನ, ಸಪ್ಪೆ ಮುಖದ ಒಬ್ಬ ಮನುಷ್ಯ ಇದ್ದ, ಅಷ್ಟೇ. ಕೆಲಸ ಮಾಡಿದ್ದು ಆ ಹದಿನೈದು ವೋಲ್ಟ್. ಬೆರಳು ಕೊಟ್ಟರೆ ಹಸ್ತ ನುಂಗುವುದು ಅಂತೀವಲ್ಲ, ಹಾಗೆ. 210 ಒತ್ತಿದವನು 225 ಯಾಕೆ ಬೇಡ ಅನ್ನಬೇಕು? ಬೇಡ ಅಂದರೆ ಇಷ್ಟು ಹೊತ್ತು ಮಾಡಿದ್ದೂ ತಪ್ಪು ಅಂತ ತಾನೇ ಒಪ್ಪಿಕೊಂಡ ಹಾಗೆ ಆಗುತ್ತದಲ್ವಾ? ಧಾರಾವಾಹಿ ಬರೆದವರಿಗೂ ಇದು ಅಲ್ಪಸ್ವಲ್ಪ ಹೊಳೆದಿದೆ. ಮೊದಲ ಕಂತಿನಲ್ಲೇ ಕ್ಯಾರಲ್‌ಗೆ ನೆರವಾದ ಜೈಲಿನ ಕಾವಲುಗಾರ ಮನುಷ್ಯರ ತಂಟೆಗೆ ಹೋಗುವ ಮುಂಚೆ ನಾಯಿಗಳ ಮೇಲೆ ಕೈ ಪಳಗಿಸಿಕೊಂಡಿರುತ್ತಾನೆ. (ಆ ದೃಶ್ಯ ನೋಡಿ ನಾನು ಟೀವಿ ಆರಿಸಿ ಎದ್ದುಹೋಗಿದ್ದೆ. ಕೊಲೆಗಳನ್ನು ನೋಡುತ್ತಾ ಚಹಾ ಕುಡಿದವನು ನಾಯಿಗೆ ಎದ್ದೆ. ಅದೂ ಒಂದು ವಿಚಿತ್ರವೇ.)

ಹಾಗಂತ ಜನ ಸುಮ್ನೆ ಆಜ್ಞೆ ಪಾಲಿಸುವ ಕುರಿಗಳು ಅಂದುಕೊಂಡರೂ ತಪ್ಪಾಗುತ್ತದೆ. ಒತ್ತುವವರು ಹಿಂಜರಿದಾಗ ಹೇಳಲು ಆ ಕೋಟಿನವನ ಹತ್ತಿರ ನಾಲ್ಕು ಮಾತು ಇದ್ದವು. ‘ದಯವಿಟ್ಟು ಮುಂದುವರಿಸಿ’ ಮೊದಲನೆಯದು. ‘ನಿಮಗೆ ಬೇರೆ ದಾರಿಯೇ ಇಲ್ಲ, ಮಾಡಲೇಬೇಕು’ ಕೊನೆಯದು. 2006ರಲ್ಲಿ ಜೆರ್ರಿ ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಇದೇ ಪ್ರಯೋಗವನ್ನು 150 ವೋಲ್ಟಿಗೆ ನಿಲ್ಲಿಸಿ ಮತ್ತೆ ಮಾಡಿದರು. ಆ ನಾಲ್ಕನೆಯ ಮಾತು ಕೇಳಿದ ಮೇಲೆ ಒಬ್ಬರೂ ಮುಂದುವರಿಯಲಿಲ್ಲ. ಬರೀ ಅಪ್ಪಣೆಗೆ ಜನ ತಿರುಗಿಬೀಳುತ್ತಾರೆ. ‘ಪ್ರಯೋಗಕ್ಕೆ ನಿಮ್ಮ ಸಹಾಯ ಬೇಕು’ ಎಂಬ ಧಾಟಿಗೆ ಬಗ್ಗುತ್ತಾರೆ. ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೀಚರ್ ಎಂಬ ಸಂಶೋಧಕರ ವಾದವೂ ಇದೇ. ಹಿಂಬಾಲಕರು ತಲೆ ಕೆಟ್ಟು ಮಾಡುವುದಿಲ್ಲ, ದೊಡ್ಡ ಕೆಲಸಕ್ಕೆ ಹೆಗಲು ಕೊಡುತ್ತಿದ್ದೇವೆ ಅಂತ ನಂಬಿ ಮಾಡುತ್ತಾರೆ. ಕ್ಯಾರಲ್ ತನ್ನ ಕೊಲೆಗಳನ್ನು ಒಂದು ಕಾದಂಬರಿಯ ಅಧ್ಯಾಯಗಳು ಅನ್ನುತ್ತಾನೆ, ಶಿಷ್ಯರಿಗೆ ಒಂದೊಂದು ಪಾತ್ರ ಕೊಡುತ್ತಾನೆ. ನನಗೆ ಅವನ ಕಂಠಕ್ಕಿಂತ ಇದೇ ಜಾಸ್ತಿ ಭಯಂಕರ ಅನ್ನಿಸಿತು.

ನಿಜ ಜೀವನದಲ್ಲೂ ನೋಡಿ. 1969ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಟಿ ಶಾರನ್ ಟೇಟ್ ಮನೆಯಲ್ಲಿ ಕೊಲೆಗಳಾದಾಗ, ಮಾಡಿಸಿದ ಗುಂಪಿನ ನಾಯಕ ಚಾರ್ಲ್ಸ್ ಮ್ಯಾನ್ಸನ್ ಅಲ್ಲಿರಲಿಲ್ಲ. ಹೋದವರು ಅವನ ಶಿಷ್ಯರಾದ ಹುಡುಗ ಹುಡುಗಿಯರು. ಮೊಕದ್ದಮೆ ನಡೆಯುವಾಗ ಅವನು ಹಣೆಯ ಮೇಲೆ ಎಕ್ಸ್ ಗೀರಿಕೊಂಡು ಬಂದ. ಅವರೂ ಗೀರಿಕೊಂಡರು.

ಒಂದು ಕಡೆ ಮಾತ್ರ ಧಾರಾವಾಹಿ ಲೆಕ್ಕ ತಪ್ಪುತ್ತದೆ. ಕ್ಯಾರಲ್ ದೂರದ ಜೈಲಿನಲ್ಲಿದ್ದರೂ ಹೊರಗೆ ಅವನ ಮಾತು ನಡೆಯುತ್ತದೆ. ಮಿಲ್‌ಗ್ರಾಮ್ ಅದನ್ನೂ ಪರೀಕ್ಷಿಸಿದ್ದರು. ಕೋಟಿನವನು ಕೋಣೆ ಬಿಟ್ಟು ಹೋಗಿ ಫೋನಿನಲ್ಲಿ ಸೂಚನೆ ಕೊಟ್ಟಾಗ, ಕೊನೆಯವರೆಗೆ ಹೋದವರು ನೂರಕ್ಕೆ 65ರಿಂದ ಸುಮಾರು 20ಕ್ಕೆ ಇಳಿದರು. ಇನ್ನೊಂದು ಸಲ, ಜೊತೆಗೆ ಕೂತ ಇಬ್ಬರು ‘ನಮ್ಮ ಕೈಲಾಗಲ್ಲ’ ಅಂತ ಎದ್ದಾಗಲಂತೂ 40ರಲ್ಲಿ ನಾಲ್ಕೇ ಜನ ಉಳಿದರು.

ಫೋನಿನ ಪ್ರಯೋಗದಲ್ಲಿ ಇನ್ನೊಂದು ತಮಾಷೆ ನಡೆಯಿತು. ಕೆಲವರು ‘ಹ್ಞೂ ಸಾರ್, ಏರಿಸುತ್ತಿದ್ದೀನಿ’ ಅಂತ ಹೇಳುತ್ತಾ ಅತಿ ಸಣ್ಣ ಶಾಕನ್ನೇ ಕೊಡುತ್ತಿದ್ದರು. ಎದುರಾಡುವ ಧೈರ್ಯವಿಲ್ಲ, ನೋಯಿಸುವ ಮನಸ್ಸೂ ಇಲ್ಲ.

ಮೊದಲ ಸೀಸನ್‌ನಲ್ಲಿ ಜೇಕಬ್ ಎಂಬ ಹುಡುಗ ಬರುತ್ತಾನೆ. ತಾನೂ ಕೊಲೆ ಮಾಡಿದ್ದೇನೆ ಅಂತ ಗುಂಪಿನವರ ಹತ್ತಿರ ಹೇಳಿಕೊಂಡಿರುತ್ತಾನೆ. ಪ್ರೀತಿಸಿದ ಎಮ್ಮಾಗೂ ಅದನ್ನೇ ಹೇಳಿರುತ್ತಾನೆ. ಅಸಲಿಗೆ ಆಗ ಅವನು ಒಬ್ಬರನ್ನೂ ಕೊಂದಿರುವುದಿಲ್ಲ.